ಮಕ್ಕಳು ಪ್ರಶ್ನೆ ಕೇಳಿದರೆ ಎದೆ ಧಸಕ್ ಅನ್ನುತ್ತೆ, ನಾನು ನಕಲಿ ಟೀಚರ್ ಅನಿಸುತ್ತೆ. ಏನು ಮಾಡಲಿ?

"ಬೆಲ್ ಹೊಡೆದರೆ ಸಾಕು ಅಂತ ಕಾಯ್ತಾ ಇರ್ತೀನಿ" ಅಂತ ಬರೆದಿದ್ದೀರಲ್ಲ, ಅಲ್ಲಿಗೇ ನನಗೆ ಎಲ್ಲ ಅರ್ಥವಾಯಿತು. 2009ರಲ್ಲಿ ನಾನೂ ಹಾಗೇ ಕಾಯುತ್ತಿದ್ದೆ.

ನಾನು ಓದಿದ್ದು ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ. ಬಿ.ಎಡ್. ಮುಗಿಸಿ ಕೆಲಸ ಸಿಕ್ಕಿದ್ದು ಶಿರಾ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ. ಅಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಪೋಸ್ಟ್ ಖಾಲಿ. ಗಣಿತಕ್ಕೆ ಬೇರೆ ಶಾಲೆಯ ಮೇಷ್ಟ್ರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಫಿಸಿಕ್ಸ್ ನನ್ನ ತಲೆಗೆ ಕಟ್ಟಿದರು. ಪಿಯುಸಿ ಆದ ಮೇಲೆ ಆ ಪುಸ್ತಕ ಮುಟ್ಟಿದವಳಲ್ಲ ನಾನು. ರಾತ್ರಿ ಹನ್ನೊಂದರವರೆಗೆ ಓದುವುದು, ಬೆಳಿಗ್ಗೆ ಹೋಗಿ ಒಪ್ಪಿಸುವುದು.

ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಅವನಪ್ಪನದು ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ. "ಮಿಸ್, 40 ವ್ಯಾಟ್ ಬಲ್ಬು, 100 ವ್ಯಾಟ್ ಬಲ್ಬು ಎರಡನ್ನೂ ಸೀರೀಸಲ್ಲಿ ಹಾಕಿದ್ರೆ ಯಾವ್ದು ಜಾಸ್ತಿ ಉರಿಯುತ್ತೆ?" ಸೀರೀಸ್ ಅಂದರೆ ಒಂದೇ ತಂತಿಯಲ್ಲಿ ಒಂದರ ಹಿಂದೊಂದು. 100 ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಮಾರನೇ ದಿನ ಅವನು ಹಾಜರಿ ಮುಗಿಯುವ ಮೊದಲೇ ಎದ್ದು ನಿಂತ. ಮುಖ ಅರಳಿತ್ತು. "ಮಿಸ್, ಅಪ್ಪನ ಅಂಗಡಿ ಸೀರೀಸ್ ಬೋರ್ಡಲ್ಲಿ ಹಾಕಿ ನೋಡ್ದೆ. 40ದೇ ಜಾಸ್ತಿ ಉರೀತು. 100ದು ಸುಮ್ನೆ ಕೆಂಪಗೆ ಕಾಣ್ತಿತ್ತು." ನಾನು ಹೇಳಿದ್ದು: "ಬಲ್ಬು ಹಳೇದಿರಬೇಕು. ನಿಮ್ಮೂರಲ್ಲಿ ವೋಲ್ಟೇಜೂ ಸರಿ ಇರಲ್ಲ. ಕೂತ್ಕೊ." ಕೂತ. ಉಳಿದ ಮಕ್ಕಳು ನಕ್ಕರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಪ್ಪು 100 ಅಂದಿದ್ದಲ್ಲ. ಎಷ್ಟೋ ಜನ ಹಾಗೇ ಹೇಳುತ್ತಾರೆ. ಬಲ್ಬಿನ ಮೇಲೆ ಬರೆದಿರುವ ವ್ಯಾಟು 230 ವೋಲ್ಟಿಗೆ ನೇರವಾಗಿ ಹಾಕಿದಾಗಿನ ಲೆಕ್ಕ. ಆ ಲೆಕ್ಕದಲ್ಲಿ 40 ವ್ಯಾಟ್ ಬಲ್ಬಿನ ರೋಧ (ಕರೆಂಟಿಗೆ ಒಡ್ಡುವ ತಡೆ) ಸುಮಾರು 1,322 ಓಮ್, 100ರದ್ದು 529. ಸೀರೀಸಲ್ಲಿ ಎರಡರಲ್ಲೂ ಹರಿಯೋದು ಒಂದೇ ಕರೆಂಟ್. ಹಾಗಾಗಿ ರೋಧ ಜಾಸ್ತಿ ಇರೋದೇ ಜಾಸ್ತಿ ಕಾದು ಬೆಳಗುತ್ತೆ. ನಾನೇ ಹಿಂದಿನ ವಾರ ಬೋರ್ಡ್ ಮೇಲೆ ಬರೆದಿದ್ದ ಸೂತ್ರ ಅದು! ಗಣಿತದ ಮೇಷ್ಟ್ರು ಅವತ್ತು ಸ್ಟಾಫ್ ರೂಮಿನಲ್ಲೇ ಟೀ ಕುಡಿಯುತ್ತಾ ಕೂತಿದ್ದರು. ಕೇಳಿದ್ದರೆ ಎರಡು ನಿಮಿಷದ ಮಾತು. ಕೇಳಲಿಲ್ಲ. ಕೇಳಿದರೆ ನನಗೆ ಬರಲ್ಲ ಅಂತ ಅವರಿಗೆ ಗೊತ್ತಾಗುತ್ತಲ್ಲ.

ಹುಡುಗ ಸ್ವಂತ ಕಣ್ಣಲ್ಲಿ ನೋಡಿದ್ದನ್ನು ತಂದು ನನ್ನ ಮುಂದೆ ಇಟ್ಟ. ನೀನು ನೋಡಿದ್ದೇ ಸುಳ್ಳು ಅಂದುಬಿಟ್ಟೆ. ತಪ್ಪು ಅದು. ವಾರ ಕಳೆದ ಮೇಲೆ ಮೇಷ್ಟ್ರೇ ಬೇರೆ ಮಾತಿನ ನಡುವೆ ಆ ಲೆಕ್ಕ ಹೇಳಿದರು. ಆಗಲೂ ಕ್ಲಾಸಿಗೆ ಹೋಗಿ ತಿದ್ದಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಮಾರ್ಚ್ ಬಂತು. ಆ ವರ್ಷ ಅವನು ಮತ್ತೆ ಕೈ ಎತ್ತಲಿಲ್ಲ. ಅವನ ಪಕ್ಕದಲ್ಲಿ ಕೂರುತ್ತಿದ್ದವರೂ ಎತ್ತಲಿಲ್ಲ. ಕ್ಲಾಸ್ ನಿಶ್ಶಬ್ದವಾಗಿರುತ್ತೆ ಅಂತ ಹೆಡ್‌ಮಾಸ್ಟರ್ ಹೊಗಳಿದರು. ನನಗೆ ಅಳು ಬಂತು.

ಈಗ ನಿಮ್ಮ ವಿಷಯ. ನಿಮಗಿರೋದು ಇಂಪೋಸ್ಟರ್ ಸಿಂಡ್ರೋಮ್, ಅಂದರೆ ಬಲ್ಲವರಾಗಿದ್ದೂ ನಾನು ನಕಲಿ ಅನಿಸೋದು, ಅಂತ ನಾನು ಒಪ್ಪಲ್ಲ. 1978ರಲ್ಲಿ ಇದನ್ನು ಮೊದಲು ಹೆಸರಿಸಿ ಬರೆದ ಮನಶ್ಶಾಸ್ತ್ರಜ್ಞೆಯರು ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಕಾಯಿಲೆಯ ಹಾಗೆ ಸಿಂಡ್ರೋಮ್ ಅಂದಿರಲಿಲ್ಲ, ಫಿನಾಮಿನನ್ (ವಿದ್ಯಮಾನ) ಅಂದಿದ್ದರು. ಓದಿನಲ್ಲಿ, ಕೆಲಸದಲ್ಲಿ ನಿಜವಾಗಿ ಸಾಧಿಸಿಯೂ ನಾನು ಎಲ್ಲರನ್ನೂ ಏಮಾರಿಸಿದ್ದೀನಿ ಅಂದುಕೊಳ್ಳುವ ಹೆಂಗಸರ ಬಗ್ಗೆ ಅವರು ಬರೆದದ್ದು. ನನಗೆ ಫಿಸಿಕ್ಸ್ ನಿಜವಾಗಿಯೂ ಬರುತ್ತಿರಲಿಲ್ಲ. ನೀವು ಸೇರಿ ಎಂಟು ತಿಂಗಳಾಗಿದೆ ಅಂತೀರಿ. ನಿಮಗೂ ಕೆಲವು ಪಾಠ ಬರದೇ ಇರಬಹುದು. ಅದಕ್ಕೆ ಬೇಕಾಗಿರೋದು ಕಾನ್ಫಿಡೆನ್ಸ್ ಕೋರ್ಸ್ ಅಲ್ಲ, ಆ ಪಾಠ ಹೇಳಿಕೊಡೋ ಒಬ್ಬ ಮನುಷ್ಯ. ಕನ್ನಡಿ ಮುಂದೆ ನಿಂತು "ನಾನು ಒಳ್ಳೇ ಟೀಚರ್" ಅಂತ ಹೇಳಿಕೊಂಡರೆ 40 ವ್ಯಾಟಿನ ಲೆಕ್ಕ ಬರಲ್ಲ. ನಿದ್ದೆ, ಊಟ ಬಿಟ್ಟುಹೋಗಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ, ತಡ ಮಾಡಬೇಡಿ. ಕೆಲಸ ಬಿಡೋ ಮಾತು ಈಗ ಬೇಡ.

ಮುಂದಿನ ಜೂನ್‌ನಿಂದ ನಾನು ಬೋರ್ಡಿನ ಬಲಗಡೆ ಒಂದು ಮೂಲೆ ಬಿಟ್ಟುಕೊಂಡೆ. ಗೊತ್ತಿಲ್ಲದ ಪ್ರಶ್ನೆ ಬಂದರೆ, ಕೇಳಿದವರ ಹೆಸರಿನ ಜೊತೆ ಅಲ್ಲಿ ಬರೆಯೋದು. ಉತ್ತರ ಸಿಗೋವರೆಗೂ ಅಳಿಸೋ ಹಾಗಿಲ್ಲ. ಮೊದಲ ಸಲ "ನನಗೆ ಗೊತ್ತಿಲ್ಲ" ಅಂದಾಗ ಕಾಲು ನಡುಗಿತ್ತು. ಯಾರೂ ನಗಲಿಲ್ಲ. ಒಬ್ಬಳು ಹುಡುಗಿ ಮನೆಗೆ ಹೋಗಿ ಅಣ್ಣನ ಪುಸ್ತಕ ತಂದಳು.

ಆ ಹುಡುಗನಿಗೆ ಮೂರು ವರ್ಷ ಆದ ಮೇಲೆ ಹೇಳಿದೆ, ಅವನಪ್ಪನ ಅಂಗಡಿಯಲ್ಲೇ. ಶಾಲೆಗೊಂದು ಬಲ್ಬ್ ಬೋರ್ಡ್ ಕಟ್ಟಿಸೋಕೆ ಹೋಗಿದ್ದೆ. ಐಟಿಐ ಓದುತ್ತಿದ್ದ. "ಅವತ್ತು ನೀನು ಹೇಳಿದ್ದೇ ಸರಿ ಕಣೋ" ಅಂದೆ. "ಗೊತ್ತಿತ್ತು ಮಿಸ್" ಅಂದ. ತಲೆ ಎತ್ತದೆ ಹೋಲ್ಡರಿನ ಸ್ಕ್ರೂ ತಿರುಗಿಸುತ್ತಿದ್ದ.

ನೀವು ಯಾವ ಸಬ್ಜೆಕ್ಟ್ ಅಂತ ಬರೆದಿಲ್ಲ. ವಿಜ್ಞಾನವಾಗಿದ್ದರೆ ಯಾವ ಪಾಠಕ್ಕೆ ಹೆದರ್ತಿದ್ದೀರಿ ಹೇಳಿ. ಕೂತು ನೋಡೋಣ.