ಅಪ್ಪನ ಹರ್ನಿಯಾ ಆಪರೇಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದಾ, ಸಾಲ ಮಾಡಿಯಾದರೂ ಬೆಂಗಳೂರಿಗೆ ಹೋಗಬೇಕಾ?

"ನೋವೇನೂ ಇಲ್ಲ, ಕಡ್ಲೆಕಾಯಿ ಕಿತ್ತಾದ ಮೇಲೆ ನೋಡೋಣ ಅಂತಿದ್ದಾರೆ" ಅಂತ ಬರೆದಿದ್ದೀರಲ್ಲ, ನಮ್ಮಪ್ಪನೂ ಅದೇ ಹೇಳುತ್ತಿದ್ದರು. ಮೂರು ವರ್ಷ ಹೇಳಿದರು.

ನಮ್ಮದು ಪಾವಗಡ ಕಡೆಯ ಹಳ್ಳಿ. ಅಪ್ಪನ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಹೊಟ್ಟೆಯ ಗೋಡೆ ಸಡಿಲಾದ ಕಡೆ ಕರುಳು ಹೊರಗೆ ಉಬ್ಬೋದೇ ಹರ್ನಿಯಾ. ಮಲಗಿದರೆ ಒಳಗೆ, ಮೂಟೆ ಎತ್ತಿದರೆ ಹೊರಗೆ. ಲಂಗೋಟಿ ಬಿಗಿಯಾಗಿ ಕಟ್ಟಿಕೊಂಡು ಕಾಲ ತಳ್ಳಿದರು. ಒಂದು ಭಾನುವಾರ ಸಂಜೆ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನಂತೆ ಗಟ್ಟಿಯಾಯಿತು. ರಾತ್ರಿ ಎಂಟಕ್ಕೆ ವಾಂತಿ ಶುರುವಾಯಿತು.

ನಾನು ತಪ್ಪಿದ್ದು ಇಲ್ಲಿ. ಹತ್ತಿರದ ಒಂದು ಆಸ್ಪತ್ರೆಗೆ ಫೋನ್ ಮಾಡಿ "ಆಪರೇಷನ್ ಡಾಕ್ಟ್ರು ಇದ್ದಾರಾ?" ಅಂತ ಕೇಳಿದೆ. "ಇದ್ದಾರೆ, ಕರ್ಕೊಂಡು ಬನ್ನಿ" ಅಂದರು. ಸುಳ್ಳಲ್ಲ. ಸರ್ಜನ್ ಇದ್ದರು, ಪಾಪ ಊಟ ಬಿಟ್ಟು ಓಡಿಬಂದರು. ಆದರೆ ಅನಸ್ತೇಶಿಯಾ, ಅಂದರೆ ಮತ್ತಿನ ಮದ್ದು ಕೊಡುವ ಡಾಕ್ಟ್ರು ಇರಲಿಲ್ಲ. ಅಲ್ಲಿಗೆ ಇದ್ದವರೇ ಒಬ್ಬರು, ಅವರು ರಜೆಯಲ್ಲಿದ್ದರು. ನಾನು ಕೇಳಬೇಕಿದ್ದದ್ದು "ಅನಸ್ತೇಶಿಯಾ ಡಾಕ್ಟ್ರು ಇದ್ದಾರಾ?" ಅಂತ. ಕೊಯ್ಯುವವರಿದ್ದರೆ ಆಪರೇಷನ್ ಆಗುತ್ತೆ ಅಂದುಕೊಂಡಿದ್ದೆ. ಆಗಲ್ಲ. ಮತ್ತಿನ ಮದ್ದು ಕೊಟ್ಟು, ಉಸಿರು, ಬಿ.ಪಿ. ಕಾಯುತ್ತಾ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಬೇಕು. ಕರುಳು ಕತ್ತರಿಸಬೇಕಾಗಿ ಬಂದರೆ ರಕ್ತ ಹತ್ತಿರದಲ್ಲೇ ಸಿಗಬೇಕು. ಆ ಒಂದು ಮಾತು ಕೇಳಿದ್ದರೆ ಮನೆಯಿಂದ ನೇರವಾಗಿ ತುಮಕೂರಿಗೆ ಹೊರಡುತ್ತಿದ್ದೆವು. ಅದು ಬಿಟ್ಟು ಚೀಟಿ ಮಾಡಿಸಿದ್ದು, ಮೂಗಿಗೆ ಪೈಪ್ ಹಾಕಿಸಿದ್ದು, ಫೋನ್ ಮೇಲೆ ಫೋನು, ಆಮೇಲೆ 108ಕ್ಕೆ ಕಾದಿದ್ದು, ಒಟ್ಟು ಎರಡೂವರೆ ಗಂಟೆ ಹೋಯಿತು. ನಮ್ಮ ಕಡೆಯಿಂದ ತುಮಕೂರು 100 ಕಿಲೋಮೀಟರ್ ಹತ್ತಿರ. ಮಧುಗಿರಿ ದಾಟುವ ಹೊತ್ತಿಗೆ ಅಪ್ಪನ ಮಾತು ನಿಂತಿತ್ತು. ಬೆಳಗಿನ ಜಾವ ಹೊಟ್ಟೆ ತೆರೆದರೆ ಗಂಟಿಗೆ ಸಿಕ್ಕಿದ್ದ ಕರುಳು ಕಪ್ಪಾಗಿತ್ತು. ಮುಕ್ಕಾಲು ಅಡಿ ತೆಗೆದರು.

2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಎರಡು ಗಂಟೆಯ ಲೆಕ್ಕ ಕೊಟ್ಟಿತ್ತು. ಸಿಸೇರಿಯನ್, ಹೊಟ್ಟೆ ತೆರೆಯುವ ಆಪರೇಷನ್, ಚರ್ಮ ಹರಿದ ಮೂಳೆ ಮುರಿತ, ಈ ಮೂರನ್ನೂ ಮಾಡುವ ಆಸ್ಪತ್ರೆ ಎರಡು ಗಂಟೆಯೊಳಗೆ ಸಿಗಬೇಕು ಅಂತ. ಜಗತ್ತಿನ 500 ಕೋಟಿ ಜನಕ್ಕೆ ಸುರಕ್ಷಿತವಾದ, ಕೈಗೆಟುಕುವ ಆಪರೇಷನ್ ಇಲ್ಲ ಅಂತಲೂ ಹೇಳಿತ್ತು. ನಕ್ಷೆ ಇಟ್ಟು ನೋಡಿದರೆ ನಾವು ಆ ಎರಡು ಗಂಟೆಯ ಒಳಗೇ ಬರುತ್ತೇವೆ. ಭಾನುವಾರ ರಾತ್ರಿ ನಕ್ಷೆಯಲ್ಲಿ ಕಾಣಲ್ಲ, ಅಲ್ವಾ?

ಹಾಗಾಗಿ ತಾಲ್ಲೂಕೋ ಬೆಂಗಳೂರೋ ಅನ್ನುವ ಪ್ರಶ್ನೆಯೇ ತಪ್ಪು. ಯಾವಾಗ ಅನ್ನೋದನ್ನ ಕೇಳಿ. ಗಂಟು ಮೆತ್ತಗಿರುವಾಗ ದಿನ ಗೊತ್ತುಮಾಡಿಕೊಂಡು ಹೋದರೆ ಇದು ತಾಲ್ಲೂಕಿನಲ್ಲೇ ಮುಗಿಯುವ ಕೆಲಸ. ಬೆನ್ನಿಗೆ ಇಂಜೆಕ್ಷನ್, ಒಳಗೊಂದು ಮೆಶ್, ಅಂದರೆ ಸಡಿಲಾದ ಜಾಗಕ್ಕೆ ಆಸರೆಯ ಬಲೆ. ಹೃದಯದ ತೊಂದರೆ ಇದ್ದರೆ ಮಾತು ಬೇರೆ, ಆಗ ಅಲ್ಲಿನ ಡಾಕ್ಟ್ರೇ ಬೇರೆ ಕಡೆ ಬರೆದುಕೊಡುತ್ತಾರೆ. ಸುಮ್ನೆ ಬೆಂಗಳೂರಿನ ಹೆಸರಿಗೆ ಸಾಲ ಮಾಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತೆ. ಎಮರ್ಜೆನ್ಸಿಯಾದರೆ ರೆಫರಲ್ ಚೀಟಿಗೆ ಕಾಯಬೇಕಿಲ್ಲ. ನಮಗೂ ಆಪರೇಷನ್ನಿಗೆ ಕೈಯಿಂದ ದುಡ್ಡು ಹೋಗಲಿಲ್ಲ. ಆದರೂ ಹನ್ನೊಂದು ದಿನದ ಊಟ, ಓಡಾಟ, ಹೋದ ಕೂಲಿ ಅಂತ ಅಮ್ಮನ ಓಲೆ ಅಡವಿಡಬೇಕಾಯಿತು.

ಹೋದ ವರ್ಷ ಚಿಕ್ಕಪ್ಪನಿಗೂ ಅದೇ ಗಂಟು. ಬಿತ್ತನೆಗೆ ಮುಂಚೆಯೇ ಅದೇ ಆಸ್ಪತ್ರೆಗೆ ಫೋನ್ ಮಾಡಿದೆ. ಅನಸ್ತೇಶಿಯಾ ಡಾಕ್ಟ್ರು ಯಾವ ದಿನ ಇರುತ್ತಾರೆ ಅಂತಲೇ ಮೊದಲು ಕೇಳಿದೆ. ಬುಧವಾರ ಆಪರೇಷನ್, ಶುಕ್ರವಾರ ಮನೆಗೆ. ಚಿಕ್ಕಪ್ಪನ ಹೊಲಿಗೆ ನಾಲ್ಕು ಬೆರಳಗಲ, ಅಪ್ಪನದು ಹೊಟ್ಟೆಯ ಉದ್ದಕ್ಕೂ. ಇಬ್ಬರೂ ಜಗುಲಿ ಮೇಲೆ ಕೂತಾಗ ಅಪ್ಪ ಆ ಮಾತು ಎತ್ತುವುದಿಲ್ಲ.