ಅಘನಾಶಿನಿ ಹೊಳೆಯಲ್ಲಿ ಕಾಲ್ವ ಸಾಕಿದರೆ ಮಳೆಗಾಲವನ್ನು ತಾಳಿಕೊಳ್ಳುತ್ತದೆಯೇ?

ಮಿರ್ಜಾನಿನ ಹತ್ತಿರ ಹೊಳೆಯಂಚಿನಲ್ಲಿ ಜಾಗವಿದೆ, ಕಾಲ್ವದ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ, ಇಂಗ್ಲಿಷಿನ ಆಯ್ಸ್ಟರ್) ದಿಬ್ಬಗಳು ನೆರೆ ಬಂದು ಹೋದರೂ ಮತ್ತೆ ಕಟ್ಟಿಕೊಳ್ಳುತ್ತವೆ ಎಂದು ಓದಿದ್ದೇನೆ, ಹಾಗಿದ್ದ ಮೇಲೆ ಸಾಕುವವನಿಗೆ ಮಳೆಯ ಭಯವೇಕೆ ಎಂದು ಕೇಳಿದ್ದೀರಿ. ಸಾಕಬಹುದು. ಆದರೆ ಬಂಡೆಗೆ ಅಂಟಿ ಬೆಳೆದ ಕಾಲ್ವದ ತಾಳಿಕೆಯನ್ನು ಹಗ್ಗಕ್ಕೆ ತೂಗಿಬಿಟ್ಟ ಕಾಲ್ವದಿಂದ ನಿರೀಕ್ಷಿಸಬೇಡಿ.

ಇದನ್ನು ನಾನು ಕಲಿತದ್ದು 2021ರ ಮೇ ತಿಂಗಳಲ್ಲಿ. ಇನ್ನು ಹದಿನೈದು ದಿನ ಬಿಟ್ಟರೆ ಮಾಂಸ ತುಂಬಿಕೊಳ್ಳುತ್ತದೆ ಎಂಬ ಆಸೆಯಿಂದ ಕೊಯ್ಲನ್ನು ಮುಂದೆ ಹಾಕಿದ್ದೆ. ಅಷ್ಟರಲ್ಲಿ ತೌಕ್ತೆ ಚಂಡಮಾರುತದ ಮಳೆ ಸುರಿಯಿತು. ಜೀವವಿರುವ ಕಾಲ್ವಗಳನ್ನು ಒಂದಕ್ಕೊಂದು ತಟ್ಟಿದರೆ ಕಲ್ಲಿನ ಸದ್ದು ಬರುತ್ತದೆ. ನಾನು ಎತ್ತಿದ ಹಗ್ಗಗಳಲ್ಲಿ ಹೆಚ್ಚಿನವು ಟೊಳ್ಳು ಸದ್ದು ಮಾಡಿದವು, ಬಾಯಿ ಬಿಟ್ಟ ಚಿಪ್ಪುಗಳೊಳಗೆ ಬೂದು ಕೆಸರು ತುಂಬಿ ಸಣ್ಣ ಏಡಿಗಳು ಓಡಾಡುತ್ತಿದ್ದವು. ಸಿಹಿನೀರು ಬಂದಾಗ ಕಾಲ್ವ ಚಿಪ್ಪನ್ನು ಬಿಗಿಯಾಗಿ ಮುಚ್ಚಿ ಕೆಲವು ದಿನ ಕಾಯಬಲ್ಲದು, ಆದರೆ ಉಸಿರಿಗೂ ಮೇವಿಗೂ ಅದು ಎಂದಾದರೂ ಬಾಯಿ ತೆರೆಯಲೇಬೇಕು. ಉಪ್ಪುನೀರು ಭಾರವಾದ್ದರಿಂದ ಉಬ್ಬರದಲ್ಲಿ ಹೊಳೆಯ ತಳದಗುಂಟ ಒಳಬರುತ್ತದೆ, ಮಳೆಯ ನೀರು ಅದರ ಮೇಲೆ ತೇಲುತ್ತದೆ. ನನ್ನ ಹಗ್ಗಗಳು ತೂಗುತ್ತಿದ್ದದ್ದು ಆ ಮೇಲಿನ ಪದರದಲ್ಲೇ.

ದಿಬ್ಬದಲ್ಲಿಯೂ ಕಾಲ್ವಗಳು ಸಾಯುತ್ತವೆ. ಸತ್ತವುಗಳ ಚಿಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಎರಡು ಮೂರು ವಾರ ನೀರಿನಲ್ಲಿ ತೇಲುವ ಮರಿಗಳು ನೆಲೆಯೂರಲು ಗಟ್ಟಿ ಜಾಗ ಹುಡುಕುವಾಗ ಹಳೆಯ ಚಿಪ್ಪನ್ನೇ ಮೆಚ್ಚುತ್ತವೆ, ಅದರ ಮೇಲೆ ಹೊಸ ಪದರ ಬೆಳೆಯುತ್ತದೆ. ಚಿಪ್ಪನ್ನು ಸುಣ್ಣಕ್ಕೆಂದು ಬಾಚಿ ಒಯ್ದರೆ ಮರಿಗಳಿಗೆ ಕೂರಲು ಜಾಗವಿರುವುದಿಲ್ಲ. ನೀರಿನ ಉಪ್ಪೂ ವರ್ಷವರ್ಷ ಮರಳಿ ಏರಬೇಕು. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲಿಯೂ ಸಿಹಿನೀರು ಹರಿದುಬರುವುದರಿಂದ ಅಳಿವೆಯ ಉಪ್ಪು ಇಳಿದು ಚಿಪ್ಪಿಕಲ್ಲಿನ ಬಗೆಗಳು ಕಡಿಮೆಯಾಗಿವೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ನಮ್ಮ ಅಘನಾಶಿನಿಗೆ ಆಣೆಕಟ್ಟಿಲ್ಲದಿರುವುದು ನಿಮ್ಮ ಪುಣ್ಯ.

ಆದ್ದರಿಂದ ವರ್ಷಕ್ಕೆ ಒಂದೇ ಬೆಳೆಯ ಲೆಕ್ಕ ಹಾಕಿಕೊಳ್ಳಿ. ಮಳೆ ನಿಂತು ಉಪ್ಪು ಏರಿದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಗೇಣಿಗೊಂದರಂತೆ ಐದಾರು ಹಳೆಯ ಚಿಪ್ಪುಗಳನ್ನು ನೈಲಾನ್ ಹಗ್ಗಕ್ಕೆ ಪೋಣಿಸಿ ಬಿದಿರಿನ ಚಪ್ಪರದಿಂದ ತೂಗಿಬಿಡಿ. ಇಳಿತದಲ್ಲಿಯೂ ಹಗ್ಗದ ತುದಿ ಕೆಸರಿಗೆ ತಾಗಬಾರದು. ಮೇ ಮೊದಲ ವಾರದೊಳಗೆ, ಕಾಲ್ವ ಎಷ್ಟೇ ಸಣ್ಣದಿದ್ದರೂ, ಎತ್ತಿಬಿಡಿ. ಮಾರುವ ಮೊದಲು ಒಂದು ದಿನವಾದರೂ ಶುದ್ಧ ಉಪ್ಪುನೀರಿನಲ್ಲಿಟ್ಟು ಹೊಟ್ಟೆಯ ಕಲ್ಮಶ ಹೋಗಲು ಬಿಡಬೇಕು. ಕಾರವಾರದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ಒಮ್ಮೆ ಹೋಗಿಬನ್ನಿ. ಇಳಿತದಲ್ಲಿ ಬಳಚು ಎಂಬ ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಓಡಾಡುವ ದಾರಿಗೆ ಮಾತ್ರ ಚಪ್ಪರ ಕಟ್ಟಬೇಡಿ. ಎಲ್ಲಿ ಕೆಸರು, ಎಲ್ಲಿ ಗಟ್ಟಿ ನೆಲ ಎಂಬುದನ್ನು ಅವರಷ್ಟು ಬಲ್ಲವರು ಇಲ್ಲ, ಮೊದಲ ಗೂಟ ಹೂಳುವ ಮುನ್ನ ಅವರನ್ನೇ ಕೇಳಿ. ಮಾಂಸ ಬಿಡಿಸಿದ ಚಿಪ್ಪುಗಳನ್ನು ಮುಂದಿನ ಹಗ್ಗಗಳಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಂಡೆಗಳ ಬುಡಕ್ಕೆ ಸುರಿಯಿರಿ. ನಾನು 2021ರ ಸತ್ತ ಚಿಪ್ಪುಗಳನ್ನು ಹಾಗೆ ಸುರಿದಲ್ಲಿ ಮರುವರ್ಷದ ಜನವರಿಯಲ್ಲಿ ಉಗುರಿನಷ್ಟು ಅಗಲದ ಮರಿಗಳು ಕೂತಿದ್ದವು.