ಅಜ್ಜಿಗೆ ಅರ್ಥವಾಗಲು ಇನ್ನೂ ನಿಧಾನವಾಗಿ ಮಾತನಾಡಬೇಕೇ?

ಅಜ್ಜಿಗೆ ಕಿವಿ ಮಂದವಾಗಿದೆ, ಕೂಗಿದರೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರೂ ತಿಳಿಯುತ್ತಿಲ್ಲ, ಇನ್ನೂ ನಿಧಾನ ಮಾಡಬೇಕೇ ಎಂದು ಕೇಳಿದ್ದೀರಿ. ಶ್ರವಣ ಪರೀಕ್ಷೆ ಮಾಡುವುದು ನನ್ನ ವೃತ್ತಿ. ನಿಧಾನ ಖಂಡಿತ ಬೇಕು. ಆದರೆ ಅಕ್ಷರಗಳನ್ನು ಎಳೆಯಬೇಡಿ, ಮಾತಿನ ತುಂಡುಗಳ ನಡುವೆ ನಿಲ್ಲಿ.

ಮೊದಲು ಕೂಗುವುದನ್ನು ಬಿಡಿ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಂದುವುದು ಹೆಚ್ಚಿನ ಕಂಪನಾಂಕದ, ಅಂದರೆ ಕೀರಲಾದ ಧ್ವನಿಗಳನ್ನು ಕೇಳುವ ಶಕ್ತಿ. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಬಹುಪಾಲು ಅಲ್ಲೇ ಇರುತ್ತದೆ. ‘ಮಾತಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ’ ಎಂದು ಹಿರಿಯರು ಹೇಳುವುದು ಇದರಿಂದಲೇ. ಕೂಗಿದಾಗ ಮುಖ್ಯವಾಗಿ ಜೋರಾಗುವುದು ಸ್ವರ. ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ಕೂಗುವವರ ಮುಖವೂ ಗದರಿಸುವಂತೆ ಕಾಣುತ್ತದೆ. ಹೀಗೆ ಗದರಿಸಿಕೊಂಡಂತಾಗಿ ಮಾತನ್ನೇ ಕಡಿಮೆ ಮಾಡಿಕೊಂಡ ಹಿರಿಯರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಅಕ್ಷರ ಎಳೆಯುವ ವಿಷಯ. ಕನ್ನಡದಲ್ಲಿ ಹ್ರಸ್ವ, ದೀರ್ಘ, ಒತ್ತು ಇವೇ ಅರ್ಥವನ್ನು ಬೇರೆ ಮಾಡುತ್ತವೆ. ಎಲ್ಲವನ್ನೂ ಸಮನಾಗಿ ಎಳೆದರೆ ‘ಬಳೆ’ಯು ‘ಬಾಳೆ’ಯ ಹತ್ತಿರ ಹೋಗುತ್ತದೆ, ‘ಕತೆ’ಯು ‘ಕತ್ತೆ’ಯ ಹತ್ತಿರ. ಕೇಳುವವರಿಗೆ ಉಳಿದಿದ್ದ ಸುಳಿವನ್ನೂ ನಾವೇ ಅಳಿಸಿದಂತಾಗುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಪಿಚೆನಿ ಮತ್ತು ಸಹೋದ್ಯೋಗಿಗಳು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗ್ಲಿಷ್ ವಾಕ್ಯಗಳನ್ನು ಮಾಮೂಲಾಗಿ ಹೇಳಿದ್ದಕ್ಕಿಂತ ಸ್ಪಷ್ಟವಾಗಿ ಹೇಳಿದಾಗ, ಶ್ರವಣದೋಷವಿದ್ದವರು ಗುರುತಿಸಿದ ಪದಗಳ ಪ್ರಮಾಣ ಸರಾಸರಿ 17 ಶೇಕಡಾಂಶದಷ್ಟು ಏರಿತು. ಹಾಗೆ ಹೇಳುವಾಗ ಮಾತನಾಡುವವರ ವೇಗ ನಿಮಿಷಕ್ಕೆ ಸುಮಾರು 100 ಪದಗಳಿಗೆ ಇಳಿದಿತ್ತು. ಆದರೆ ಅದೇ ತಂಡದ ಮುಂದಿನ ಅಧ್ಯಯನದಲ್ಲಿ ಮಾಮೂಲು ಮಾತಿನ ಧ್ವನಿಮುದ್ರಣವನ್ನು ಯಂತ್ರದಿಂದ ಅಷ್ಟೇ ನಿಧಾನ ಮಾಡಿದಾಗ ಆ ಲಾಭ ಸಿಗಲಿಲ್ಲ. ಸ್ಪಷ್ಟವಾಗಿ ಮಾತನಾಡುವವರು ಬರೀ ವೇಗ ಇಳಿಸುವುದಿಲ್ಲ. ನಡುನಡುವೆ ನಿಲ್ಲುತ್ತಾರೆ, ಪದದ ಕೊನೆಯನ್ನು ನುಂಗುವುದಿಲ್ಲ.

ಅಜ್ಜಿಗೆ ಹೇಳಬೇಕಾದದ್ದನ್ನು ಹೀಗೆ ಹೇಳಿ ನೋಡಿ: ‘ಅಜ್ಜಿ...’ ಎಂದು ಕರೆದು, ಅವರು ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ‘ನಾಳೆ ಬೆಳಿಗ್ಗೆ... ಹತ್ತು ಗಂಟೆಗೆ... ಡಾಕ್ಟರ ಹತ್ತಿರ ಹೋಗಬೇಕು.’ ಪ್ರತಿ ತುಂಡನ್ನೂ ಸಹಜ ಧಾಟಿಯಲ್ಲೇ ಹೇಳಿ, ನಡುವೆ ಒಂದು ಉಸಿರಿನಷ್ಟು ಬಿಡಿ. ಕೇಳಿಸದೆ ಹೋದ ಪದವನ್ನು ಹಿಂದಿನ ಮಾತುಗಳ ಆಧಾರದಿಂದ ಊಹಿಸಿಕೊಳ್ಳಲು ಅವರಿಗೆ ಆ ಬಿಡುವು ಬೇಕು.

ಮನೆಯವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಮಾತು: ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಧ್ವನಿ ಇಳಿಯುವುದೂ ಅಲ್ಲೇ. ‘ಈ ಮಾತ್ರೆ ತೆಗೆದುಕೊಳ್ಳಬೇಕು’, ‘ಈ ಮಾತ್ರೆ ತೆಗೆದುಕೊಳ್ಳಬಾರದು’ ಎಂಬ ಎರಡರ ವ್ಯತ್ಯಾಸ ಇರುವುದು ನಾವು ನುಂಗಿಬಿಡುವ ಆ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೂ ಧ್ವನಿ ಗಟ್ಟಿಯಾಗಿರಲಿ. ಇಪ್ಪತ್ತು, ಎಪ್ಪತ್ತುಗಳಂಥ ಸಂಖ್ಯೆಗಳಿದ್ದರೆ ಚೀಟಿಯಲ್ಲಿ ಬರೆದು ತೋರಿಸುವುದೇ ಒಳ್ಳೆಯದು. ಒಂದು ವಾಕ್ಯ ಎರಡು ಸಲ ತಿಳಿಯದಿದ್ದರೆ ಮೂರನೆಯ ಸಲ ಬೇರೆ ಪದಗಳಲ್ಲಿ ಹೇಳಿ.

ಟಿವಿ, ಮಿಕ್ಸಿ ಆರಿಸಿ, ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ಕುಳಿತು ಮಾತನಾಡಿ. ‘ತಿಳಿಯಿತೇ?’ ಎಂದು ಕೇಳಿದರೆ ಬೇಸರ ಮಾಡಬಾರದೆಂದು ತಲೆಯಾಡಿಸಿಬಿಡುತ್ತಾರೆ. ಬದಲಿಗೆ ‘ಹಾಗಾದರೆ ನಾಳೆ ಎಷ್ಟು ಹೊತ್ತಿಗೆ ಹೊರಡೋಣ?’ ಎಂದು ಕೇಳಿ.

ಪರೀಕ್ಷೆ ಮಾಡಿಸಿರದಿದ್ದರೆ ದಯವಿಟ್ಟು ಮಾಡಿಸಿ. ಕೆಲವೊಮ್ಮೆ ಕಿವಿಯಲ್ಲಿ ಗುಗ್ಗೆ ಕಟ್ಟಿರುತ್ತದೆ, ಅದನ್ನು ತೆಗೆಸಿದರೆ ಸಾಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ 1965ರಲ್ಲಿ ಆರಂಭವಾದದ್ದು. ಅದು ದೂರವಾದರೆ ಹತ್ತಿರದ ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಹೋಗಿ. ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾದರೆ ಮಾತ್ರ ಕಾಯಬೇಡಿ, ಅಂದೇ ಕರೆದುಕೊಂಡು ಹೋಗಿ.